ಡ್ರೈವರ್ ಹಾಕಿದರೆ ಸರಿ, ಸಂಜೆಗೆ ಮತ್ತೆ ಅದೇ ಕತೆ: ಒಂದು ನೆಟ್‌ವರ್ಕ್ ಕಾರ್ಡಿನ ಪ್ರಕರಣ

ಮನೆಯ ಕಂಪ್ಯೂಟರಿನಲ್ಲಿ ನೆಟ್ ಪದೇ ಪದೇ ಕೈಕೊಟ್ಟರೆ ಎಲ್ಲರ ಬಾಯಲ್ಲೂ ಮೊದಲು ಬರುವ ಮಾತು ಒಂದೇ: ಡ್ರೈವರ್ (ನೆಟ್‌ವರ್ಕ್ ಕಾರ್ಡಿನಂಥ ಸಾಧನವನ್ನು ನಡೆಸಲು ವಿಂಡೋಸ್‌ಗೆ ಬೇಕಾದ ಸಣ್ಣ ಪ್ರೋಗ್ರಾಮ್) ಹಾಳಾಗಿದೆ. ಎಷ್ಟೋ ಸಲ ಅದು ನಿಜವೂ ಹೌದು. ಇಲ್ಲಿ ಬರೆಯುತ್ತಿರುವ ಪ್ರಕರಣದಲ್ಲಿ ಅದು ಅರ್ಧ ನಿಜವಾಗಿತ್ತು. ಉಳಿದ ಅರ್ಧವನ್ನು ಯಾರೂ ನೋಡಲಿಲ್ಲ. ನೋಡದಿರಲು ಕಾರಣವೂ ಇತ್ತು. ಡ್ರೈವರ್ ಮತ್ತೆ ಹಾಕಿದಾಗಲೆಲ್ಲ ನೆಟ್ ಸರಿಹೋಗುತ್ತಿತ್ತು. ಸರಿಹೋಗುತ್ತಿರುವಾಗ ಬೇರೆ ಕಡೆ ಯಾಕೆ ಹುಡುಕುತ್ತಾರೆ, ಅಲ್ವಾ?

ಮನೆಯವರ ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಕಾರ್ಡು, ಮದರ್‌ಬೋರ್ಡು, ರೂಟರ್ ಯಾವ ಕಂಪನಿಯವು ಎಂದೂ ಬರೆದಿಲ್ಲ. ಈ ತೊಂದರೆ ಯಾವ ಕಂಪನಿಯ ಚಿಪ್ಪಿನಲ್ಲಾದರೂ ಬರಬಹುದಾದದ್ದೇ.

ಹಿನ್ನೆಲೆ

ಆರು ವರ್ಷ ಹಳೆಯ ಡೆಸ್ಕ್‌ಟಾಪ್. ನೆಟ್‌ವರ್ಕ್ ಕಾರ್ಡು ಮದರ್‌ಬೋರ್ಡಿನಲ್ಲೇ ಇರುವ ಮಾಮೂಲಿ ಗಿಗಾಬಿಟ್ ಚಿಪ್. ವೈಫೈ ಇಲ್ಲ. ಪಕ್ಕದ ಕೋಣೆಯ ರೂಟರ್‌ನಿಂದ ಕೇಬಲ್ ಎಳೆದಿದ್ದರು. ಬಳಸುವವರು ಇಬ್ಬರು. ತಾಯಿ ಮನೆಯಿಂದಲೇ ಲೆಕ್ಕಪತ್ರದ ಕೆಲಸ ಮಾಡುವವರು. ಕೆಲಸದ ಹೊತ್ತಿನಲ್ಲಿ ಕಚೇರಿಯ ಸರ್ವರ್‌ಗೆ ಸೇರಿಕೊಂಡೇ ಇರಬೇಕು. ನೆಟ್ ಎರಡು ಸೆಕೆಂಡ್ ಹೋದರೂ ಲಾಗಿನ್ ಬಿದ್ದುಹೋಗಿ ಅರ್ಧ ತುಂಬಿದ ನಮೂದು ಮೊದಲಿನಿಂದ ತುಂಬಬೇಕು. ಕಾಲೇಜಿಗೆ ಹೋಗುವ ಮಗ ಸಂಜೆ ಮತ್ತು ರಾತ್ರಿ ಅದೇ ಕಂಪ್ಯೂಟರ್ ಬಳಸುತ್ತಾನೆ. ಮನೆಯಲ್ಲಿ ಕಂಪ್ಯೂಟರ್ ಸರಿಮಾಡುವವನೂ ಅವನೇ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸಿದ್ದು 2025ರ ಅಕ್ಟೋಬರ್ 14ರಂದು. ಆ ಗಡುವಿಗೆ ಸ್ವಲ್ಪ ಮೊದಲು ಮಗ ಒಂದು ವಾರಾಂತ್ಯ ಕೂತು ವಿಂಡೋಸ್ 11 ಹಾಕಿದ. ಅಪ್‌ಗ್ರೇಡ್ ಏನೂ ತಕರಾರಿಲ್ಲದೆ ಮುಗಿಯಿತು. ಸೋಮವಾರದಿಂದ ಕಾಟ ಶುರುವಾಯಿತು. ದಿನಕ್ಕೆ ಹಲವು ಸಲ ನೆಟ್ ಹೋಗುತ್ತಿತ್ತು. ಮೊಬೈಲ್‌ಗಳಲ್ಲಿ ವೈಫೈ ಚೆನ್ನಾಗಿಯೇ ಇತ್ತು. ಹಾಗಾಗಿ ಇಂಟರ್ನೆಟ್ ಕೊಡುವವರದ್ದು ತಪ್ಪಿಲ್ಲ, ರೂಟರ್‌ದೂ ಇಲ್ಲ, ವಿಂಡೋಸ್ 11 ಬಂದಮೇಲೆ ಡ್ರೈವರ್ ಕೆಟ್ಟಿದೆ ಎಂದು ಮನೆಯವರು ತೀರ್ಮಾನಿಸಿದರು.

ತರ್ಕ ಕೇಳಲು ಸರಿಯಾಗಿಯೇ ಇದೆ. ಆದರೆ ಮೊಬೈಲ್‌ನಲ್ಲಿ ವೈಫೈ ಚೆನ್ನಾಗಿದೆ ಎಂದರೆ ರೂಟರ್‌ನಿಂದ ಹೊರಗಿನ ಸಂಪರ್ಕ ಚೆನ್ನಾಗಿದೆ ಎಂದಷ್ಟೇ ಗೊತ್ತಾಗುತ್ತದೆ. ರೂಟರ್‌ನ ಹಿಂಬದಿಯ ಪೋರ್ಟು, ಅಲ್ಲಿಂದ ಹೊರಟ ಕೇಬಲ್, ಕೇಬಲ್‌ನ ಎರಡು ತುದಿ, ಇವುಗಳ ಬಗ್ಗೆ ಮೊಬೈಲ್ ಏನನ್ನೂ ಹೇಳುವುದಿಲ್ಲ.

ಮಗ ಮಾಡಿದ್ದು

ಕಂಪ್ಯೂಟರಿನ ಸಾಧನಗಳ ಪಟ್ಟಿ ತೋರಿಸುವ ಡಿವೈಸ್ ಮ್ಯಾನೇಜರ್ ತೆರೆದು ಕಾರ್ಡನ್ನು ಅನ್‌ಇನ್‌ಸ್ಟಾಲ್ ಮಾಡಿ, ಕಂಪ್ಯೂಟರ್ ರೀಸ್ಟಾರ್ಟ್ ಮಾಡಿದ. ವಿಂಡೋಸ್ ತಾನೇ ಕಾರ್ಡನ್ನು ಗುರುತಿಸಿ ಡ್ರೈವರ್ ಹಾಕಿಕೊಂಡಿತು. ನೆಟ್ ಬಂತು. ಕೆಲವು ಗಂಟೆ, ಒಮ್ಮೊಮ್ಮೆ ಇಡೀ ದಿನ ಚೆನ್ನಾಗಿತ್ತು. ಮತ್ತೆ ಹೋಯಿತು. ಮತ್ತೆ ಅನ್‌ಇನ್‌ಸ್ಟಾಲ್. ಇದೇ ನಿತ್ಯದ ಕೆಲಸವಾಯಿತು.

ಇಲ್ಲಿ ಒಂದು ವಿಷಯ ಅನೇಕರಿಗೆ ಗೊತ್ತಿರುವುದಿಲ್ಲ. ಅನ್‌ಇನ್‌ಸ್ಟಾಲ್ ಒತ್ತಿದಾಗ ಬರುವ ಚಿಕ್ಕ ಕಿಟಕಿಯಲ್ಲಿ ಡ್ರೈವರನ್ನೂ ತೆಗೆದುಹಾಕು ಎಂಬ ಒಂದು ಟಿಕ್ ಇರುತ್ತದೆ. ಅದನ್ನು ಹಾಕದಿದ್ದರೆ ಹೋಗುವುದು ಪಟ್ಟಿಯಲ್ಲಿರುವ ಸಾಧನದ ಹೆಸರು ಮಾತ್ರ. ಡ್ರೈವರ್ ಫೈಲುಗಳು ವಿಂಡೋಸ್‌ನ ಡ್ರೈವರ್ ಸ್ಟೋರ್‌ನಲ್ಲಿ ಹಾಗೇ ಇರುತ್ತವೆ. ರೀಸ್ಟಾರ್ಟ್ ಆದಮೇಲೆ ಅದೇ ಹಳೆಯ ಡ್ರೈವರ್ ವಾಪಸ್ ಬಂದು ಕೂರುತ್ತದೆ. ಮಗ ಅಷ್ಟು ಸಲ ತೆಗೆದು ಹಾಕಿದ್ದು ಒಂದೇ ಡ್ರೈವರನ್ನು.

ಬೇಸತ್ತು ಒಂದು ದಿನ ಅವನು ಡ್ರೈವರ್ ಅಪ್‌ಡೇಟ್ ಮಾಡುವ ಒಂದು ಬಿಟ್ಟಿ ಪ್ರೋಗ್ರಾಮ್ ಇಳಿಸಿಕೊಂಡ. ಅದು ಕಂಪ್ಯೂಟರ್ ಜಾಲಾಡಿ, ಇಷ್ಟು ಡ್ರೈವರ್ ಹಳೆಯವು ಎಂದು ಕೆಂಪು ಅಕ್ಷರದಲ್ಲಿ ತೋರಿಸಿತು. ಎಲ್ಲವನ್ನೂ ಹೊಸದು ಮಾಡು ಎಂದು ಒತ್ತಿದ. ಮರುದಿನ ಕಾರ್ಡಿನ ಮೇಲೆ ಹಳದಿ ತ್ರಿಕೋನ ಬಿತ್ತು: ಈ ಸಾಧನ ಶುರುವಾಗುತ್ತಿಲ್ಲ, ಕೋಡ್ 10. ಈಗ ಆಗಾಗ ಹೋಗುತ್ತಿದ್ದ ನೆಟ್ ಪೂರ್ತಿ ಹೋಯಿತು. ರೋಲ್‌ಬ್ಯಾಕ್ ಗುಂಡಿ ಒತ್ತಿ ಹಿಂದಿನ ಡ್ರೈವರ್‌ಗೆ ಮರಳಿದಾಗ ಕಾರ್ಡು ಜೀವ ಪಡೆಯಿತು, ಹಳೆಯ ಕಾಟದ ಸಮೇತ.

ಆ ಪ್ರೋಗ್ರಾಮ್‌ಗಳ ಬಗ್ಗೆ ನನ್ನ ಅಭಿಪ್ರಾಯ ಕಟುವಾಗಿಯೇ ಇದೆ. ಹೊಸ ಡ್ರೈವರ್ ಎಂದರೆ ಒಳ್ಳೆಯ ಡ್ರೈವರ್ ಎಂಬ ನಂಬಿಕೆಯ ಮೇಲೆ ಅವು ನಿಂತಿವೆ. ತಾರೀಖು ನೋಡಿ ಡ್ರೈವರ್ ಅಳೆಯಲು ಬರುವುದಿಲ್ಲ. ಮೈಕ್ರೋಸಾಫ್ಟ್ ತಾನೇ ಬರೆದು ವಿಂಡೋಸ್ ಜೊತೆ ಕೊಡುವ ಡ್ರೈವರ್‌ಗಳ ತಾರೀಖು ನೋಡಿ, 2006ರ ಜೂನ್ 21 ಎಂದಿರುತ್ತದೆ. ಮೊನ್ನೆ ಬದಲಾದ ಫೈಲಿನಲ್ಲೂ ಅದೇ ತಾರೀಖು. ಸಾಧನ ತಯಾರಿಸಿದವರ ಡ್ರೈವರ್ ಇದ್ದರೆ ವಿಂಡೋಸ್ ಅದನ್ನೇ ಆರಿಸಿಕೊಳ್ಳಲಿ ಎಂದು ಬೇಕೆಂದೇ ಹಳೆಯ ತಾರೀಖು ಇಟ್ಟಿದ್ದಾರೆ. ಇದು ಗೊತ್ತಿಲ್ಲದವರು ಹೌಹಾರುತ್ತಾರೆ.

ಮೊದಲು ಕೆಲಸ ನಡೆಯಲಿ

ನನ್ನ ಹತ್ತಿರ ಈ ವಿಷಯ ಬಂದಾಗ ಆ ತಾಯಿಗೆ ಸಾಕುಸಾಕಾಗಿತ್ತು. "ಕಂಪ್ಯೂಟರ್ ಬೇರೆ ತಗೊಳ್ಳೋದೇ ವಾಸಿ" ಎನ್ನುತ್ತಿದ್ದರು. ಕೆಲಸ ನಿಂತ ಮನೆಯಲ್ಲಿ ಕೂತು ದೋಷ ಹುಡುಕುವುದು ಕಷ್ಟ. ಪ್ರತಿ ಹತ್ತು ನಿಮಿಷಕ್ಕೆ "ಆಯ್ತಾ?" ಎಂಬ ಪ್ರಶ್ನೆ ಬರುತ್ತದೆ. ಆಗ ಕೈಗೆ ಸಿಕ್ಕಿದ್ದನ್ನೆಲ್ಲ ಒಟ್ಟಿಗೆ ಬದಲಿಸುವ ಆತುರ ಹುಟ್ಟುತ್ತದೆ. ಅದಕ್ಕೇ ಮೊದಲು ಮಾಡಿದ್ದು ಮೊಬೈಲನ್ನು ಯುಎಸ್‌ಬಿ ಕೇಬಲ್‌ನಲ್ಲಿ ಕಂಪ್ಯೂಟರ್‌ಗೆ ಜೋಡಿಸಿ ಟೆದರಿಂಗ್, ಅಂದರೆ ಮೊಬೈಲಿನ ನೆಟ್ ಕಂಪ್ಯೂಟರ್‌ಗೂ ಸಿಗುವ ವ್ಯವಸ್ಥೆ, ಆನ್ ಮಾಡಿದ್ದು. ಮೊಬೈಲ್ ಮನೆಯ ವೈಫೈಯಲ್ಲೇ ಇತ್ತು. ಹಾಗಾಗಿ ಮೊಬೈಲ್ ಡೇಟಾ ಖರ್ಚಾಗಲಿಲ್ಲ.

ಇದರಿಂದ ತಾಯಿಯ ಕೆಲಸ ನಡೆಯಿತು. ಜೊತೆಗೆ ಒಂದು ಪರೀಕ್ಷೆಯೂ ಆಯಿತು. ಟೆದರಿಂಗ್‌ನಲ್ಲಿ ಇಡೀ ದಿನ ಒಮ್ಮೆಯೂ ಲಾಗಿನ್ ಬೀಳಲಿಲ್ಲ. ಅಂದರೆ ವಿಂಡೋಸ್‌ನ ಉಳಿದ ನೆಟ್‌ವರ್ಕ್ ವ್ಯವಸ್ಥೆ, ಫೈರ್‌ವಾಲ್, ಬ್ರೌಸರ್, ಕಚೇರಿಯ ಸರ್ವರ್ ಎಲ್ಲವೂ ಸರಿ ಇವೆ. ತೊಂದರೆ ಇರುವುದು ಕಾರ್ಡು, ಅದರ ಡ್ರೈವರ್, ಕೇಬಲ್, ರೂಟರ್‌ನ ಪೋರ್ಟ್, ಈ ನಾಲ್ಕರೊಳಗೆ.

ಒಂದೇ ಹೆಸರು, ಎರಡು ರೋಗ

ಆ ದಿನ ಸಂಜೆ ತಾಯಿ, ಮಗ ಇಬ್ಬರನ್ನೂ ಬೇರೆಬೇರೆ ಕೇಳಿದೆ: ನೆಟ್ ಹೋದಾಗ ಏನೇನು ಕಾಣಿಸುತ್ತದೆ?

ತಾಯಿ ಹೇಳಿದ್ದು: "ಕೆಲಸ ಮಾಡ್ತಾ ಇರೋವಾಗ ಗಪ್ ಅಂತ ಹೋಗುತ್ತೆ. ನೋಡೋಷ್ಟರಲ್ಲಿ ವಾಪಸ್ ಬಂದಿರುತ್ತೆ. ಆದ್ರೆ ಅಷ್ಟರಲ್ಲಿ ನಂದು ಲಾಗೌಟ್ ಆಗಿರುತ್ತೆ."

ಮಗ ಹೇಳಿದ್ದು: "ಒಂದು ಸಲ ಹೋದ್ರೆ ಮುಗೀತು. ಬರೋದೇ ಇಲ್ಲ. ಕೇಬಲ್ ತೆಗೆದು ಹಾಕಿದ್ರೂ ಇಲ್ಲ. ಡ್ರೈವರ್ ಹಾಕ್ಲೇಬೇಕು."

ಇಬ್ಬರೂ ಇದನ್ನು ಮನೆಯಲ್ಲಿ "ನೆಟ್ ಹೋಯ್ತು" ಎಂದೇ ಕರೆಯುತ್ತಿದ್ದರು. ಒಂದೇ ಮಾತಾದ್ದರಿಂದ ಒಂದೇ ತೊಂದರೆ ಎಂದುಕೊಂಡಿದ್ದರು. ಈ ಪ್ರಕರಣ ತಿರುಗಿದ್ದು ಇಲ್ಲಿಯೇ. ತಾನೇ ವಾಪಸ್ ಬರುವ ತೊಂದರೆ ಒಂದು, ಬರದೇ ಇರುವ ತೊಂದರೆ ಇನ್ನೊಂದು. ಎರಡಕ್ಕೂ ಒಂದೇ ಕಾರಣ ಇರಲೂಬಹುದು. ಆದರೆ ಹಾಗೆ ಎಂದುಕೊಂಡು ಹೊರಡುವುದು ಬೇಡ ಅನ್ನಿಸಿತು.

ಮಾತಿನ ಮೇಲೆ ಮಾತ್ರ ನಿಲ್ಲದೆ ದಾಖಲೆ ಬೇಕಿತ್ತು. ಎರಡು ಕಪ್ಪು ಕಿಟಕಿ ತೆರೆದು ಪಿಂಗ್ (ಒಂದು ವಿಳಾಸಕ್ಕೆ ಸಣ್ಣ ಸಂದೇಶ ಕಳಿಸಿ ಉತ್ತರ ಬರುತ್ತದೆಯೇ ಎಂದು ನೋಡುವ ಆಜ್ಞೆ) ನಿರಂತರವಾಗಿ ಓಡುವ ಹಾಗೆ ಬಿಟ್ಟೆವು. ಒಂದು ರೂಟರ್‌ನ ವಿಳಾಸಕ್ಕೆ, ಅಂದರೆ ಆ ಮನೆಯಲ್ಲಿ 192.168.1.1ಕ್ಕೆ. ಇನ್ನೊಂದು ಹೊರಗಿನ 8.8.8.8ಕ್ಕೆ. ವಿಂಡೋಸ್‌ನ ಪಿಂಗ್ ಸಮಯ ಬರೆಯುವುದಿಲ್ಲವಾದ್ದರಿಂದ ಪ್ರತಿ ಸಾಲಿಗೂ ಗಂಟೆ, ನಿಮಿಷ ಸೇರಿಸಿ ಫೈಲಿಗೆ ಬರೆಯುವ ಒಂದು ಪುಟ್ಟ ಸ್ಕ್ರಿಪ್ಟನ್ನು ಮಗನೇ ಬರೆದ.

ಮೊದಲ ದಿನದ ಫೈಲೇ ಇಬ್ಬರ ಮಾತನ್ನೂ ನಿಜ ಮಾಡಿತು. ಹಗಲಿನಲ್ಲಿ ಅಲ್ಲಲ್ಲಿ ನಾಲ್ಕೈದು ಸಾಲು ಜನರಲ್ ಫೇಲ್ಯೂರ್ ಎಂದು ಬಂದು, ಆಮೇಲೆ ಮಾಮೂಲಿ ಉತ್ತರ ಬರುತ್ತಿತ್ತು. ರಾತ್ರಿಯ ಭಾಗದಲ್ಲಿ ಮೊದಲು ರಿಕ್ವೆಸ್ಟ್ ಟೈಮ್ಡ್ ಔಟ್, ಆಮೇಲೆ ಡೆಸ್ಟಿನೇಷನ್ ಹೋಸ್ಟ್ ಅನ್‌ರೀಚಬಲ್, ಅದು ಕೊನೆಯವರೆಗೂ ಮುಗಿಯಲಿಲ್ಲ.

ಈ ಸಂದೇಶಗಳನ್ನು ಜನ ಓದುವುದಿಲ್ಲ. ಎಲ್ಲವೂ ಸೋಲಿನ ಸುದ್ದಿ ಎಂದು ಬಿಟ್ಟುಬಿಡುತ್ತಾರೆ. ಅವುಗಳಲ್ಲಿ ವ್ಯತ್ಯಾಸ ಇದೆ. ಜನರಲ್ ಫೇಲ್ಯೂರ್ ಎಂದರೆ ಪ್ಯಾಕೆಟ್, ಅಂದರೆ ಕಳಿಸಿದ ಮಾಹಿತಿಯ ತುಣುಕು, ಕಂಪ್ಯೂಟರ್ ಬಿಟ್ಟು ಹೊರಡಲೇ ಇಲ್ಲ. ಕೇಬಲ್ ಕಿತ್ತಾಗ ಬರುವುದೂ ಇದೇ. ಅನ್‌ರೀಚಬಲ್ ಎಂದು ನಿಮ್ಮದೇ ಕಂಪ್ಯೂಟರಿನ ವಿಳಾಸದಿಂದ ಉತ್ತರ ಬಂದರೆ, ಲಿಂಕ್ (ಕೇಬಲ್‌ನ ಎರಡು ತುದಿಯ ಸಾಧನಗಳ ನಡುವಿನ ಸಂಪರ್ಕ) ಇದೆ ಎಂದು ವಿಂಡೋಸ್ ನಂಬಿದೆ, ಆದರೆ ಪಕ್ಕದಲ್ಲೇ ಇರುವ ರೂಟರ್ ಎಲ್ಲಿದೆ ಎಂದು ಕೂಗಿದರೂ ಯಾರೂ ಓಗೊಡುತ್ತಿಲ್ಲ ಎಂದರ್ಥ. ಒಂದರಲ್ಲಿ ದಾರಿಯೇ ಕಡಿದಿದೆ. ಇನ್ನೊಂದರಲ್ಲಿ ದಾರಿ ಇದ್ದೂ ಕಾರ್ಡು ಮಾತಾಡುತ್ತಿಲ್ಲ.

ವಿಂಡೋಸ್ ಬರೆದಿಟ್ಟ ಆಗುಹೋಗುಗಳನ್ನು ತೋರಿಸುವ ಇವೆಂಟ್ ವ್ಯೂವರ್‌ನ ಸಿಸ್ಟಂ ಪಟ್ಟಿಯಲ್ಲೂ ಇದೇ ಕಂಡಿತು. ಹಗಲಿನ ಪ್ರತಿ ಕಡಿತಕ್ಕೂ ಕಾರ್ಡಿನ ಡ್ರೈವರ್ ಬರೆದ, ಲಿಂಕ್ ಕಡಿದಿದೆ ಎನ್ನುವ ಒಂದು ಸಾಲು ಇತ್ತು. ರಾತ್ರಿಯ ಸಾವಿಗೆ ಅಂಥ ಸಾಲು ಇರಲಿಲ್ಲ.

ಲಿನಕ್ಸ್ ಕೊಟ್ಟ ಸಾಕ್ಷಿ

ಈಗ ಡ್ರೈವರ್‌ಗೆ ಕೈ ಹಾಕಬಹುದಿತ್ತು. ಹಾಕಲಿಲ್ಲ. ಡ್ರೈವರ್ ಬದಲಿಸಿದರೆ ಎರಡೂ ತೊಂದರೆ ಕೆಲವು ಗಂಟೆ ಮರೆಯಾಗುವುದು ಮಗನ ಅನುಭವದಿಂದಲೇ ಗೊತ್ತಿತ್ತು. ಆಮೇಲೆ ಯಾವುದರಿಂದ ಏನಾಯಿತು ಎಂದು ಹೇಳುವುದು ಸಾಧ್ಯವಿರಲಿಲ್ಲ. ವಿಂಡೋಸ್‌ನ ಡ್ರೈವರನ್ನು ಮುಟ್ಟದೆಯೇ ಅದನ್ನು ಆಟದಿಂದ ಹೊರಗಿಡುವ ಉಪಾಯ ಒಂದಿದೆ: ಪೆನ್‌ಡ್ರೈವ್‌ನಿಂದ ಲಿನಕ್ಸ್ ಎಂಬ ಬೇರೆ ಆಪರೇಟಿಂಗ್ ಸಿಸ್ಟಂ ಓಡಿಸುವುದು. ಹಾರ್ಡ್‌ಡಿಸ್ಕ್‌ಗೆ ಏನೂ ಹಾಕಬೇಕಿಲ್ಲ. ಕಾರ್ಡು, ಕೇಬಲ್, ರೂಟರ್ ಎಲ್ಲ ಅವೇ ಇರುತ್ತವೆ. ಡ್ರೈವರ್ ಮಾತ್ರ ಪೂರ್ತಿ ಬೇರೆ.

ಹೀಗೆ ಮಾಡುವವರಿಗೆ ಒಂದು ಎಚ್ಚರಿಕೆ. ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಆನ್ ಇದ್ದರೆ ಅದರ ರಿಕವರಿ ಕೀ ಮೊದಲೇ ಬರೆದಿಟ್ಟುಕೊಳ್ಳಿ. ಪೆನ್‌ಡ್ರೈವ್‌ಗಾಗಿ ಸೆಕ್ಯೂರ್ ಬೂಟ್ ಎಂಬ, ಕಂಪ್ಯೂಟರ್ ಶುರುವಾಗುವಾಗಿನ ಭದ್ರತೆಯ ಆಯ್ಕೆ ಬದಲಿಸಿದರೆ ವಿಂಡೋಸ್ ಮತ್ತೆ ಶುರುವಾಗುವಾಗ ಆ ಕೀ ಕೇಳುತ್ತದೆ. ನೆಟ್ ಸರಿಮಾಡಲು ಹೋಗಿ ಇಡೀ ಡಿಸ್ಕ್‌ಗೆ ಬೀಗ ಹಾಕಿಕೊಂಡವರಿದ್ದಾರೆ.

ಒಂದು ರಜೆಯ ದಿನ ಲಿನಕ್ಸ್ ಓಡಿಸಿ, ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಬರೆಯುವ ಸಂದೇಶಗಳನ್ನು ಪರದೆಯ ಒಂದು ಮೂಲೆಯಲ್ಲಿ ಹರಿಯಲು ಬಿಟ್ಟು, ಮಗ ದೊಡ್ಡ ಫೈಲುಗಳನ್ನು ಇಳಿಸುತ್ತಾ ಕೂತ. ಸ್ವಲ್ಪ ಹೊತ್ತಿಗೆ ಲಿಂಕ್ ಡೌನ್ ಎಂಬ ಸಾಲು ಬಂತು. ಕೆಲವು ಸೆಕೆಂಡಿನ ನಂತರ ಲಿಂಕ್ ಅಪ್, 1 ಗಿಗಾಬಿಟ್. ಇನ್ನೊಂದು ಸಲ ಡೌನ್ ಆಗಿ ಮೇಲೆದ್ದಾಗ ವೇಗ ಮಾತ್ರ 100 ಮೆಗಾಬಿಟ್ ಆಗಿತ್ತು.

ಹಗಲಿನ ಕಡಿತ ಲಿನಕ್ಸ್‌ನಲ್ಲೂ ಬಂತು ಎಂದಮೇಲೆ ಅದಕ್ಕೂ ವಿಂಡೋಸ್ ಡ್ರೈವರ್‌ಗೂ ಸಂಬಂಧ ಇಲ್ಲ. ಆದರೆ ರಾತ್ರಿಯ ತೊಂದರೆ, ಅಂದರೆ ಸತ್ತು ಬೀಳುವುದು, ಲಿನಕ್ಸ್‌ನಲ್ಲಿ ಒಮ್ಮೆಯೂ ಬರಲಿಲ್ಲ. ಕಂಪ್ಯೂಟರನ್ನು ಸುಮ್ನೆ ಬಿಟ್ಟು ಹೋಗಿ ಬಂದರೂ ಬರಲಿಲ್ಲ. ಎರಡು ರೋಗ ಬೇರೆ ಬೇರೆ ಎಂಬುದು ಖಚಿತವಾಯಿತು.

100 ಮೆಗಾಬಿಟ್ ಹೇಳಿದ್ದು

ವೇಗ ಹತ್ತನೇ ಒಂದಕ್ಕೆ ಇಳಿದ ಆ ಒಂದು ಸಾಲು ನನಗೆ ಬಹಳ ಬೆಲೆಬಾಳುವ ಸುಳಿವು. ನೆಟ್‌ವರ್ಕ್ ಕೇಬಲ್‌ನೊಳಗೆ ನಾಲ್ಕು ಜೋಡಿ ತಂತಿ ಇರುತ್ತವೆ. ಗಿಗಾಬಿಟ್‌ಗೆ ನಾಲ್ಕೂ ಜೋಡಿ ಬೇಕು. 100 ಮೆಗಾಬಿಟ್‌ಗೆ ಎರಡೇ ಸಾಕು: ಪ್ಲಗ್ಗಿನ 1, 2, 3, 6ನೇ ಪಿನ್ನುಗಳು. ತಮಾಷೆ ಏನೆಂದರೆ, ಎಷ್ಟು ವೇಗದಲ್ಲಿ ಮಾತಾಡೋಣ ಎಂದು ಎರಡೂ ತುದಿಯ ಸಾಧನಗಳು ಮೊದಲು ಮಾಡಿಕೊಳ್ಳುವ ಒಪ್ಪಂದವೂ ಆ ಎರಡು ಜೋಡಿಯ ಮೇಲೆಯೇ ನಡೆಯುತ್ತದೆ. ಉಳಿದ ಎರಡರಲ್ಲಿ ಒಂದು ಜೋಡಿ ಅರೆಬರೆ ಕಡಿದಿದ್ದರೂ ಒಪ್ಪಂದಕ್ಕೆ ಅದು ಗೊತ್ತಾಗುವುದಿಲ್ಲ. ಗಿಗಾಬಿಟ್ ಎಂದು ಒಪ್ಪುತ್ತವೆ, ಶುರು ಮಾಡುತ್ತವೆ, ಸಿಗ್ನಲ್ ಕೈಕೊಟ್ಟಾಗ ಬೀಳುತ್ತವೆ, ಮತ್ತೆ ಒಪ್ಪುತ್ತವೆ. ಕೆಲವು ಕಾರ್ಡುಗಳು ಸೋತು ಸೋತು ಕೊನೆಗೆ 100ಕ್ಕೆ ಇಳಿಯುತ್ತವೆ.

ವಾರಾಂತ್ಯದಲ್ಲಿ ವಿಂಡೋಸ್ ಬಿಟ್ಟು ಇನ್ನೇನು ಬದಲಾಯಿತು ಎಂದು ಕೇಳಿದೆ. "ಏನೂ ಇಲ್ಲ" ಎಂದರು ತಾಯಿ. ಮಗ ಸ್ವಲ್ಪ ಯೋಚಿಸಿ, "ಅಮ್ಮ, ಟೇಬಲ್ ಆ ಗೋಡೆಯಿಂದ ಈ ಗೋಡೆಗೆ ತಂದ್ವಲ್ಲ" ಎಂದ. ಹೇಗೂ ಕಂಪ್ಯೂಟರ್ ಕೆಲಸಕ್ಕೆ ಕೈ ಹಾಕಿದ್ದೇವೆ, ಜಾಗವೂ ಬದಲಾಯಿಸೋಣ ಎಂದು ಅದೇ ಭಾನುವಾರ ಆ ಕೆಲಸವನ್ನೂ ಮಾಡಿದ್ದರು.

ಟೇಬಲ್ ಸರಿಸಿ ನೋಡಿದೆವು. ಹೊಸ ಜಾಗಕ್ಕೆ ಕೇಬಲ್ ಬಿಗಿಯಾಗಿತ್ತು. ಟೇಬಲ್ಲಿನ ಹಿಂದಿನ ಕಾಲು ಕೇಬಲ್ ಮೇಲೆಯೇ ಕೂತಿತ್ತು. ಆ ಜಾಗದಲ್ಲಿ ಹೊರಗಿನ ಸಿಪ್ಪೆ ಚಪ್ಪಟೆಯಾಗಿ ಬೆಳ್ಳಗಾಗಿತ್ತು. ಕಂಪ್ಯೂಟರ್ ಕಡೆಯ ಪ್ಲಗ್ಗಿನ ಪ್ಲಾಸ್ಟಿಕ್ ಕೊಂಡಿ ಮುರಿದುಹೋಗಿದ್ದರಿಂದ, ಕೇಬಲ್ ಜಗ್ಗಿದಾಗ ಪ್ಲಗ್ ಕೂದಲೆಳೆಯಷ್ಟು ಹೊರಗೆ ಬರುತ್ತಿತ್ತು. ತಾಯಿ ಕೆಲಸ ಮಾಡುವಾಗ ಕಾಲು ಚಾಚಿದರೆ ಕೇಬಲ್‌ಗೆ ತಾಗುತ್ತಿತ್ತು. ಕಡಿತ ಹೆಚ್ಚಾಗಿ ಹಗಲಲ್ಲೇ ಬರುತ್ತಿದ್ದುದು ಅದಕ್ಕೇ.

ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋದ ಹಾಗೆ, ಅಪ್‌ಗ್ರೇಡ್‌ಗೂ ಟೇಬಲ್‌ಗೂ ಒಂದೇ ಮುಹೂರ್ತ ಸಿಕ್ಕಿತ್ತು. ಟೇಬಲ್ಲಿನ ನೆನಪು ಯಾರಿಗೂ ಇರಲಿಲ್ಲ, ಏಕೆಂದರೆ ಅದು ಕಂಪ್ಯೂಟರ್‌ಗೆ ಸಂಬಂಧಪಟ್ಟ ಕೆಲಸ ಎಂದು ಯಾರಿಗೂ ಅನ್ನಿಸಿರಲಿಲ್ಲ.

ಸ್ವಲ್ಪ ಉದ್ದದ ಹೊಸ ಕೇಬಲ್ ಗೋಡೆಯಂಚಿನಲ್ಲಿ ಎಳೆದರು. ಹಗಲಿನ ಕಡಿತ ನಿಂತಿತು. ಪಿಂಗ್ ಫೈಲಿನಲ್ಲಿ ಜನರಲ್ ಫೇಲ್ಯೂರ್ ಎಂಬ ಸಾಲು ಮತ್ತೆ ಬರಲಿಲ್ಲ. ತಾಯಿಯ ಪಾಲಿಗೆ ಪ್ರಕರಣ ಅಲ್ಲಿಗೆ ಮುಗಿಯಿತು.

"ದಿನಾ ಶಟ್‌ಡೌನ್ ಮಾಡ್ತೀನಿ"

ಮಗನ ತೊಂದರೆ ಹಾಗೇ ಇತ್ತು. ರಾತ್ರಿ ಊಟಕ್ಕೆ ಎದ್ದು ಹೋಗಿ ಬಂದರೆ ನೆಟ್ ಸತ್ತಿರುತ್ತಿತ್ತು. ಕಾರ್ಡಿನ ದೀಪ ಉರಿಯುತ್ತಿರುತ್ತದೆ. ವಿಂಡೋಸ್ ಕೂಡ ಲಿಂಕ್ ಇದೆ ಎನ್ನುತ್ತದೆ. ಆದರೆ ಒಂದು ಪ್ಯಾಕೆಟ್ಟೂ ಹೋಗದು, ಬಾರದು. ಕೇಬಲ್ ತೆಗೆದು ಹಾಕಿದರೆ ಐಪಿ ವಿಳಾಸ 169.254 ಎಂದು ಶುರುವಾಗುವುದಕ್ಕೆ ಬದಲಾಗುತ್ತದೆ. ರೂಟರ್‌ನಿಂದ ವಿಳಾಸ ಸಿಗದೇ ಹೋದಾಗ ಕಂಪ್ಯೂಟರ್ ತನಗೆ ತಾನೇ ಕೊಟ್ಟುಕೊಳ್ಳುವ ವಿಳಾಸ ಅದು.

ರೀಸ್ಟಾರ್ಟ್ ಮಾಡಿದರೆ ಸರಿಹೋಗುತ್ತಾ ಎಂದು ಕೇಳಿದೆ. "ದಿನಾ ರಾತ್ರಿ ಶಟ್‌ಡೌನ್ ಮಾಡೇ ಮಲಗ್ತೀನಿ, ಬೆಳಗ್ಗೆ ಆನ್ ಮಾಡಿದ್ರೂ ನೆಟ್ ಇರಲ್ಲ" ಎಂದ. ಟಾಸ್ಕ್ ಮ್ಯಾನೇಜರ್ ತೆರೆದು ಸಿಪಿಯು ಪುಟ ತೋರಿಸಿದೆ. ಅಪ್‌ಟೈಮ್ ಎಂಬಲ್ಲಿ 11 ದಿನ ಎಂದಿತ್ತು. ದಿನಾ ಆಫ್ ಮಾಡುವ ಕಂಪ್ಯೂಟರ್ 11 ದಿನದಿಂದ ಎಚ್ಚರ ಇದೆಯಂತೆ!

ಇದು ಫಾಸ್ಟ್ ಸ್ಟಾರ್ಟಪ್‌ನ ಆಟ. 2012ರಲ್ಲಿ ಬಂದ ವಿಂಡೋಸ್ 8ರಿಂದ ಇದು ಇದೆ. ಶಟ್‌ಡೌನ್ ಒತ್ತಿದಾಗ ನಿಮ್ಮ ಪ್ರೋಗ್ರಾಮ್‌ಗಳು ಮುಚ್ಚಿಕೊಳ್ಳುತ್ತವೆ. ಆದರೆ ವಿಂಡೋಸ್‌ನ ಕರ್ನಲ್ ಮತ್ತು ಡ್ರೈವರ್‌ಗಳ ಸ್ಥಿತಿಯನ್ನು ಡಿಸ್ಕ್‌ಗೆ ಬರೆದಿಟ್ಟು, ಬೆಳಗ್ಗೆ ಅದನ್ನೇ ಎತ್ತಿಕೊಂಡು ಶುರು ಮಾಡುತ್ತದೆ. ಬೇಗ ಶುರುವಾಗುವುದು ಅದರಿಂದಲೇ. ರೀಸ್ಟಾರ್ಟ್ ಒತ್ತಿದರೆ ಮಾತ್ರ ಎಲ್ಲವೂ ಮೊದಲಿನಿಂದ ಶುರುವಾಗುತ್ತದೆ. ಎಂದರೆ ಆಫ್ ಮಾಡಿ ಆನ್ ಮಾಡುವುದಕ್ಕಿಂತ ರೀಸ್ಟಾರ್ಟ್ ಜಾಸ್ತಿ ಶುದ್ಧ. ಕೇಳಲು ವಿಚಿತ್ರ, ಆದರೆ ಇರುವುದೇ ಹೀಗೆ. ಶಿಫ್ಟ್ ಒತ್ತಿ ಹಿಡಿದು ಶಟ್‌ಡೌನ್ ಮಾಡಿದರೂ ಪೂರ್ತಿ ಆಫ್ ಆಗುತ್ತದೆ.

ಇಷ್ಟು ಗೊತ್ತಾದ ಮೇಲೆ ಡ್ರೈವರ್ ಹಾಕಿದರೆ ಸರಿಹೋಗುತ್ತದೆ ಎಂಬ ನಂಬಿಕೆಯನ್ನು ಪರೀಕ್ಷೆಗೆ ಒಡ್ಡಿದೆವು. ಮುಂದಿನ ಸಲ ನೆಟ್ ಸತ್ತಾಗ ಡ್ರೈವರ್ ಮುಟ್ಟಬೇಡ, ಕಾರ್ಡನ್ನು ಡಿಸೇಬಲ್ ಮಾಡಿ ಎನೇಬಲ್ ಮಾಡು ಎಂದು ಹೇಳಿದ್ದೆ. ಹಾಗೆ ಮಾಡಿದ. ನೆಟ್ ಬಂತು. ಅದರ ಮುಂದಿನ ಸಲ ಬರೀ ರೀಸ್ಟಾರ್ಟ್. ಆಗಲೂ ಬಂತು. ಅಷ್ಟು ದಿನ ಕಾರ್ಡನ್ನು ಎಬ್ಬಿಸುತ್ತಿದ್ದುದು ಡ್ರೈವರ್ ಅಲ್ಲವೇ ಅಲ್ಲ. ಡ್ರೈವರ್ ತೆಗೆದು ಹಾಕುವಾಗ ಕಾರ್ಡಿಗೆ ಪುಕ್ಕಟೆಯಾಗಿ ಸಿಗುತ್ತಿದ್ದ ರೀಸೆಟ್.

ಇನ್ನು ಹುಡುಕಬೇಕಿದ್ದುದು ಕಾರ್ಡು ನಿದ್ದೆಗೆ ಜಾರಿ ಏಳದಿರುವುದಕ್ಕೆ ಕಾರಣ. ಕಂಪ್ಯೂಟರ್ ಸುಮ್ಮನಿದ್ದಾಗಲೇ ಸಾಯುತ್ತಿದ್ದುದರಿಂದ ಗುಮಾನಿ ವಿದ್ಯುತ್ ಉಳಿತಾಯದ ಮೇಲೆ ಹೋಯಿತು. ಇದಕ್ಕೆ ಸಂಬಂಧಿಸಿದ ಗುಂಡಿಗಳು ಒಂದೇ ಕಡೆ ಇಲ್ಲ ಎಂಬುದೇ ತಲೆನೋವು. ಡಿವೈಸ್ ಮ್ಯಾನೇಜರ್‌ನಲ್ಲಿ ಕಾರ್ಡಿನ ಪವರ್ ಮ್ಯಾನೇಜ್‌ಮೆಂಟ್ ಪುಟದಲ್ಲಿ ಒಂದು ಟಿಕ್ ಇದೆ: ವಿದ್ಯುತ್ ಉಳಿಸಲು ಈ ಸಾಧನವನ್ನು ಆಫ್ ಮಾಡಬಹುದು ಎಂದು. ಅಡ್ವಾನ್ಸ್ಡ್ ಪುಟದಲ್ಲಿ ಎನರ್ಜಿ ಎಫಿಶಿಯೆಂಟ್ ಈಥರ್ನೆಟ್ ಎಂಬುದಿದೆ. ಸಾಗಣೆ ಇಲ್ಲದಾಗ ಲಿಂಕನ್ನು ಅರೆನಿದ್ದೆಗೆ ತಳ್ಳುವ 2010ರ 802.3ಎಝಡ್ ಮಾನದಂಡ ಅದು. ಕೆಲವು ಡ್ರೈವರ್‌ಗಳಲ್ಲಿ ಅದರ ಜೊತೆಗೆ ಗ್ರೀನ್ ಈಥರ್ನೆಟ್ ಎಂಬ ಇನ್ನೊಂದೂ ಇರುತ್ತದೆ. ಇದೆಲ್ಲ ಸಾಲದು ಎಂದು ವಿಂಡೋಸ್‌ನ ಪವರ್ ಪ್ಲಾನ್‌ನಲ್ಲಿ ಪಿಸಿಐ ಎಕ್ಸ್‌ಪ್ರೆಸ್ ಲಿಂಕ್‌ನ, ಅಂದರೆ ಕಾರ್ಡನ್ನು ಕಂಪ್ಯೂಟರಿಗೆ ಸೇರಿಸುವ ಒಳದಾರಿಯ, ಉಳಿತಾಯ ಬೇರೆ.

ಮೊದಲು ಪವರ್ ಮ್ಯಾನೇಜ್‌ಮೆಂಟ್ ಟಿಕ್ ಒಂದನ್ನೇ ತೆಗೆದೆವು. ಹೆಚ್ಚಿನವರು ಹೇಳುವ ಮದ್ದು ಅದೇ. ಏನೂ ಉಪಯೋಗ ಆಗಲಿಲ್ಲ. ಮುಂದಿನದಕ್ಕೆ ಹೋಗುವ ಮೊದಲು ಡ್ರೈವರ್‌ನ ಗಲೀಜು ತೆಗೆಯುವುದು ಅನಿವಾರ್ಯವಾಯಿತು. ಡ್ರೈವರ್ ಸ್ಟೋರ್‌ನ ಪಟ್ಟಿ ತೆಗೆಸಿದಾಗ ಅದೇ ಕಾರ್ಡಿಗೆ ಮೂರು ಪ್ಯಾಕೇಜ್ ಕಂಡವು: ವಿಂಡೋಸ್ 10ರ ಕಾಲದ್ದು, ಅಪ್‌ಗ್ರೇಡ್ ಜೊತೆ ಬಂದದ್ದು, ಆ ಬಿಟ್ಟಿ ಪ್ರೋಗ್ರಾಮ್ ತಂದುಹಾಕಿದ್ದು. ಯಾವಾಗ ಯಾವುದು ಏರಿ ಕೂರುತ್ತದೋ ಎಂದು ಊಹಿಸುತ್ತಾ ಕೂರುವುದಕ್ಕಿಂತ ಮೂರನ್ನೂ ಪಿಎನ್‌ಪಿಯುಟಿಲ್ ಆಜ್ಞೆಯಿಂದ ಅಳಿಸಿ ಒಂದನ್ನೇ ಹಾಕುವುದು ಒಳ್ಳೆಯದು.

ಯಾವುದನ್ನು ಹಾಕುವುದು? ಪೆಟ್ಟಿಗೆ ಮೇಲಿನ ಹೆಸರು ನಂಬಿ ಡ್ರೈವರ್ ಇಳಿಸಬಾರದು. ಕಾರ್ಡಿನ ಪ್ರಾಪರ್ಟೀಸ್‌ನ ಡೀಟೇಲ್ಸ್ ಪುಟದಲ್ಲಿ ಹಾರ್ಡ್‌ವೇರ್ ಐಡಿ ಇರುತ್ತದೆ. ಅದರಲ್ಲಿ ನಾಲ್ಕು ಅಂಕಿ-ಅಕ್ಷರ ತಯಾರಕರನ್ನು, ಇನ್ನು ನಾಲ್ಕು ಚಿಪ್ಪನ್ನು ಹೇಳುತ್ತವೆ. ಇಂಟೆಲ್‌ನ ಸಂಖ್ಯೆ 8086. 1978ರಲ್ಲಿ ಬಂದ ಅವರ ಪ್ರೊಸೆಸರ್‌ನ ಹೆಸರೇ. ಮದರ್‌ಬೋರ್ಡ್ ತಯಾರಕರ ಪುಟದಲ್ಲಿದ್ದ ಡ್ರೈವರನ್ನು ಮೊದಲು ಪೆನ್‌ಡ್ರೈವ್‌ಗೆ ಇಳಿಸಿಕೊಂಡು, ಅದು ಯಾವ ಸಾಧನಗಳಿಗೆ ಎಂದು ಬರೆದಿರುವ ಐಎನ್‌ಎಫ್ ಫೈಲಿನಲ್ಲಿ ನಮ್ಮ ಐಡಿ ಇದೆಯೇ ಎಂದು ಹುಡುಕಿ, ಇದೆ ಎಂದು ಖಾತ್ರಿಯಾದ ಮೇಲೆ ಹಳೆಯದನ್ನು ಅಳಿಸಿದೆವು. ಈ ಕ್ರಮ ಮುಖ್ಯ. ಡ್ರೈವರ್ ಅಳಿಸಿದ ಮೇಲೆ ಡ್ರೈವರ್ ಇಳಿಸಲು ನೆಟ್ ಇರುವುದಿಲ್ಲವಲ್ಲ! ಟೆದರಿಂಗ್ ಇದ್ದುದರಿಂದ ನಮಗೆ ಆ ಭಯ ಇರಲಿಲ್ಲ.

ಹಳೆಯದನ್ನು ಅಳಿಸಿ, ಶಟ್‌ಡೌನ್ ಮಾಡಿ, ಗೋಡೆಯ ಪ್ಲಗ್ ಕಿತ್ತು ಸ್ವಲ್ಪ ಹೊತ್ತು ಬಿಟ್ಟು ಹೊಸದು ಹಾಕಿದೆವು. ಪ್ಲಗ್ ಕೀಳುವುದು ಮೂಢನಂಬಿಕೆ ಎಂದು ಕೆಲವರು ನಗುತ್ತಾರೆ. ಆದರೆ ಕಂಪ್ಯೂಟರ್ ಆಫ್ ಆಗಿದ್ದರೂ, ಬೇಕಾದಾಗ ನೆಟ್‌ವರ್ಕ್‌ನಿಂದಲೇ ಎಬ್ಬಿಸಲು ಬರಲಿ ಎಂದು ಕಾರ್ಡಿಗೆ ಸಣ್ಣಗೆ ವಿದ್ಯುತ್ ಹರಿಯುತ್ತಿರಬಹುದು. ಆಫ್ ಆದ ಮೇಲೂ ಪೋರ್ಟಿನ ದೀಪ ಉರಿಯುವುದು ಅದಕ್ಕೇ. ಕಾರ್ಡಿನ ಚಿಪ್ ನಿಜಕ್ಕೂ ಮೊದಲಿನಿಂದ ಶುರುವಾಗಬೇಕೆಂದರೆ ಪ್ಲಗ್ ಕೀಳಬೇಕು.

ಶುದ್ಧ ಡ್ರೈವರ್ ಬಂದಮೇಲೂ ಕಾರ್ಡು ಸತ್ತಿತು. ಮೊದಲಿನಷ್ಟು ಸಲ ಅಲ್ಲ, ಆದರೂ ಸತ್ತಿತು. ಆಗ ಎನರ್ಜಿ ಎಫಿಶಿಯೆಂಟ್ ಈಥರ್ನೆಟ್ ಮತ್ತು ಗ್ರೀನ್ ಈಥರ್ನೆಟ್ ಎರಡನ್ನೂ ಆಫ್ ಮಾಡಿದೆವು. ಮಗನಿಗೆ ಪರೀಕ್ಷೆ ಹತ್ತಿರ ಬಂದಿತ್ತು. ಒಂದೊಂದಾಗಿ ನೋಡುವಷ್ಟು ವ್ಯವಧಾನ ಇರಲಿಲ್ಲ. ಫಾಸ್ಟ್ ಸ್ಟಾರ್ಟಪ್ ಅನ್ನೂ ತೆಗೆದೆವು. ಅದು ರೋಗಕ್ಕೆ ಕಾರಣ ಎಂದಲ್ಲ, ರೋಗವನ್ನು ರಾತ್ರಿಯಿಂದ ಬೆಳಗಿಗೆ ಕಾಪಾಡಿಕೊಂಡು ಬರುತ್ತಿದ್ದುದರಿಂದ.

ಅಲ್ಲಿಂದ ಮುಂದೆ ಪಿಂಗ್ ಫೈಲು ಓದಲು ಬೇಸರ ಬರುವಷ್ಟು ಸಪ್ಪೆಯಾಯಿತು.

ಇದರಿಂದ ತಿಳಿದದ್ದು

ಈ ಪ್ರಕರಣದಲ್ಲಿ ಹೊಸ ಕಾರ್ಡು ಕೊಳ್ಳುವ ಮಾತು ಹಲವು ಸಲ ಬಂತು. ಯುಎಸ್‌ಬಿ ನೆಟ್‌ವರ್ಕ್ ಅಡಾಪ್ಟರ್ ಹಾಕಿ, ಮದರ್‌ಬೋರ್ಡಿನ ಕಾರ್ಡನ್ನು ಬಯಾಸ್‌ನಲ್ಲಿ (ವಿಂಡೋಸ್‌ಗೂ ಮೊದಲು ಬರುವ ಮದರ್‌ಬೋರ್ಡಿನ ಆಯ್ಕೆಗಳ ಪುಟ) ಮುಚ್ಚಿಬಿಟ್ಟಿದ್ದರೆ ಮಗನ ತೊಂದರೆ ಮೊದಲ ದಿನವೇ ತೀರುತ್ತಿತ್ತು. ಅದೇನೂ ಕೆಟ್ಟ ದಾರಿ ಅಲ್ಲ. ಆದರೆ ಕೇಬಲ್ ಹಾಗೇ ಉಳಿಯುತ್ತಿತ್ತು. ತಾಯಿಯ ಲಾಗಿನ್ ಹೊಸ ಅಡಾಪ್ಟರ್‌ನಲ್ಲೂ ಬೀಳುತ್ತಿತ್ತು. ಆಗ ಹೊಸ ಅಡಾಪ್ಟರ್‌ನ ಡ್ರೈವರ್ ಸರಿಯಿಲ್ಲ ಎಂದು ಇನ್ನೊಂದು ಸುತ್ತು ಶುರುವಾಗುತ್ತಿತ್ತು. ಕಾರ್ಡು ಬದಲಿಸುವ ಮೊದಲು ಕೇಬಲ್ ಬದಲಿಸಿ ನೋಡಿ, ರೂಟರ್‌ನ ಬೇರೆ ಪೋರ್ಟಿಗೆ ಹಾಕಿ ನೋಡಿ ಎಂದು ನಾನು ಎಲ್ಲರಿಗೂ ಹೇಳುವುದು ಇದಕ್ಕೇ. ಎರಡಕ್ಕೂ ಹೆಚ್ಚು ಹೊತ್ತು ಬೇಕಿಲ್ಲ.

ಕಾರ್ಡು ನಿಜಕ್ಕೂ ಸತ್ತಿದ್ದರೆ ಅದರ ಲಕ್ಷಣವೇ ಬೇರೆ. ಪೆನ್‌ಡ್ರೈವ್ ಲಿನಕ್ಸ್‌ನಲ್ಲೂ ಅದು ಕೈಕೊಡುತ್ತದೆ, ಬೇರೆ ಕೇಬಲ್ ಹಾಕಿದರೂ ಕೈಕೊಡುತ್ತದೆ. ಕೆಲವೊಮ್ಮೆ ಡಿವೈಸ್ ಮ್ಯಾನೇಜರ್ ಪಟ್ಟಿಯಿಂದಲೇ ಮಾಯವಾಗಿ, ಪ್ಲಗ್ ಕಿತ್ತು ಹಾಕಿದ ಮೇಲೆ ಮತ್ತೆ ಪ್ರತ್ಯಕ್ಷವಾಗುತ್ತದೆ. ಅಂಥದ್ದನ್ನು ರಿಪೇರಿ ಮಾಡುತ್ತಾ ಕೂರುವುದರಲ್ಲಿ ಅರ್ಥವಿಲ್ಲ. ಬೇರೆ ಕಾರ್ಡು ಹಾಕಿ ಮುಂದೆ ಹೋಗುವುದೇ ಸರಿ.

ನನಗೆ ಹೆಚ್ಚು ಯೋಚನೆಗೆ ಹಚ್ಚಿದ್ದು ಆ ಸುಳ್ಳು ಮದ್ದು. ಡ್ರೈವರ್ ಮತ್ತೆ ಹಾಕುವುದು ಏನೂ ಕೆಲಸ ಮಾಡದಿದ್ದರೆ ಮಗ ಒಂದೆರಡು ಸಲಕ್ಕೇ ಅದನ್ನು ಬಿಟ್ಟು ಬೇರೆ ಕಡೆ ನೋಡುತ್ತಿದ್ದ. ಅದು ಪ್ರತಿ ಸಲ ಕೆಲಸ ಮಾಡಿತು, ಅರ್ಧ ದಿನಕ್ಕೆ. ಹಾಗಾಗಿ ಅವನು ಅಲ್ಲೇ ಸಿಕ್ಕಿಕೊಂಡ. ಯಾವುದೇ ಉಪಾಯ ಫಲಿಸಿದಾಗ ಅದರಲ್ಲಿ ಎಷ್ಟು ಭಾಗ ಬೇಕಿತ್ತು ಎಂದು ಕೇಳಿಕೊಂಡರೆ ಈ ಬಲೆಯಿಂದ ಹೊರಬರಬಹುದು. ಅನ್‌ಇನ್‌ಸ್ಟಾಲ್, ರೀಸ್ಟಾರ್ಟ್, ಡ್ರೈವರ್ ಮತ್ತೆ ಹಾಕುವುದು, ಈ ಮೂರರಲ್ಲಿ ಬರೀ ರೀಸ್ಟಾರ್ಟ್ ಸಾಕೇ? ಅವನು ಈ ಪ್ರಶ್ನೆ ಮೊದಲ ವಾರ ಕೇಳಿದ್ದರೆ ಬಿಟ್ಟಿ ಪ್ರೋಗ್ರಾಮ್ ಇಳಿಸುವ ಪ್ರಮೇಯವೇ ಬರುತ್ತಿರಲಿಲ್ಲ.

ಪರೀಕ್ಷೆ ಮುಗಿದ ಮೇಲೆ, ಆಫ್ ಮಾಡಿದ ಎರಡರಲ್ಲಿ ಒಂದನ್ನು ಮತ್ತೆ ಆನ್ ಮಾಡಿ ಯಾವುದು ಕಾರಣ ಎಂದು ನೋಡೋಣ ಎಂದು ಮಗನಿಗೆ ಹೇಳಿದೆ. ಅವನಿಗೂ ಉತ್ಸಾಹ ಇತ್ತು. ತಾಯಿ ಸುತರಾಂ ಒಪ್ಪಲಿಲ್ಲ. "ಸರಿಯಾಗಿರೋದನ್ನ ಕೆದಕಬೇಡಿ" ಎಂದರು. ಕಂಪ್ಯೂಟರ್ ಅವರದು, ಕೆಲಸ ಅವರದು. ಅಲ್ಲಿಗೆ ಬಿಟ್ಟೆವು.

ಈಚೆಗೆ ವಿಂಡೋಸ್ ಅಪ್‌ಡೇಟ್‌ನ ಆಪ್ಷನಲ್ ಪಟ್ಟಿಯಲ್ಲಿ ಅದೇ ಕಾರ್ಡಿಗೆ ಇನ್ನೂ ಹೊಸ ಡ್ರೈವರ್ ಕಾಣಿಸಿಕೊಂಡಿದೆಯಂತೆ. ಹಾಕಲೇ ಎಂದು ಮಗ ಕೇಳಿದ. ತಿಂಗಳ ಕೊನೆಯ ಲೆಕ್ಕ ಮುಗಿಯುವವರೆಗೆ ಮುಟ್ಟಬೇಡ, ಆಮೇಲೂ ಹಾಕಲೇಬೇಕು ಎಂದೇನಿಲ್ಲ ಎಂದೆ. ಹಾಕುವುದಾದರೆ ಈಗ ಓಡುತ್ತಿರುವ ಪ್ಯಾಕೇಜ್ ಪೆನ್‌ಡ್ರೈವ್‌ನಲ್ಲಿದೆ. ಹಾಕಿದ ಮೇಲೆ ಅಡ್ವಾನ್ಸ್ಡ್ ಪುಟವನ್ನು ಮಾತ್ರ ಮರೆಯದೆ ತೆರೆದು ನೋಡಬೇಕು. ಹೊಸ ಡ್ರೈವರ್ ಬಂದಾಗ ಅಲ್ಲಿನ ಆಯ್ಕೆಗಳು ಎಷ್ಟೋ ಸಲ ಮೊದಲಿನ ಸ್ಥಿತಿಗೆ ಮರಳುತ್ತವೆ, ಆ ಎರಡು ಉಳಿತಾಯಗಳೂ ಮತ್ತೆ ಆನ್ ಆಗಿರುತ್ತವೆ.